ಶೇಷಾದ್ರಿಯ ಮನೆ ಕೊಂಡ ಶಿವಕ್ಕ

ಡಾಕ್ಟರ್ ಶಿವಕ್ಕನ ಕಸುಬು ಜನರಿಗೆ ಮತ್ತು ಬರಿಸುವುದು. ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ಆಪರೇಶನ್ನಿಗೆ ಮುಂಚೆ ರೋಗಿಯ ಮೂಗಿಗೆ ಮಾಸ್ಕ್ ಹಿಡಿದು ಆಕೆ ನಾಲ್ಕು ಮಾತಾಡಿದರೆ ಸಾಕು, ಎಂಥ ಪುಕ್ಕಲರೂ ತಣ್ಣಗಾಗಿ ಕಣ್ಣು ಮುಚ್ಚುತ್ತಿದ್ದರು. ಆಕೆಯದೇ ಒಂದು ಸಿಟ್ಟು ಮಾತ್ರ ವರ್ಷಗಟ್ಟಲೆ ಕಣ್ಣು ಮುಚ್ಚಲಿಲ್ಲ. ಅದು ನ್ಯಾಯವಾದ ಸಿಟ್ಟೆಂದೇ ನಾನು ಹೇಳುವುದು. ಕೇಳಿದ ಮೇಲೆ ನೀವು ಬೇಕಾದರೆ ಬೇರೆ ಹೇಳಿ.

ಶಿವಕ್ಕ ಗದಗಿನ ಹತ್ತಿರದ ಹಳ್ಳಿಯವಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಗಂಡ ಮಲ್ಲಪ್ಪನ ಜೊತೆ ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಅಮೆರಿಕಕ್ಕೆ ಬಂದಳು. ಮಲ್ಲಪ್ಪ ಕಾರಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಯಾರ ತಂಟೆಗೂ ಹೋಗದ ಸಾಧು ಮನುಷ್ಯ. ಆಗ ಡೆಟ್ರಾಯಿಟ್ ಸುತ್ತ ಕನ್ನಡದವರೆಂದರೆ ಬೆರಳೆಣಿಕೆ. ಹಬ್ಬ ಬಂದರೆ ಎಲ್ಲರೂ ಸೇರುತ್ತಿದ್ದುದು ಫಾರ್ಮಿಂಗ್ಟನ್ ಕಡೆಯ ಶೇಷಾದ್ರಿಯ ಮನೆಯಲ್ಲಿ. ಆತ ಮೈಸೂರಿನವನು, ಎಲ್ಲರಿಗಿಂತ ಮೊದಲು ಬಂದವನು, ಮೊದಲು ಸ್ವಂತ ಮನೆ ಮಾಡಿದವನು. ಹಾಗಾಗಿ ಕನ್ನಡವೇ ತನ್ನ ಸ್ವಂತ ಆಸ್ತಿ ಎಂಬಂತೆ ಓಡಾಡುತ್ತಿದ್ದ.

ಆ ಮನೆಯಲ್ಲಿ ಒಂದು ವಿಶೇಷವಿತ್ತು. ಗೋಡೆಯ ಸ್ವಿಚ್ಚುಗಳು ಹಾರ್ಮೋನಿಯಂ ಕೀಗಳಂತೆ ಪುಟ್ಟವು. ಒತ್ತಿ ಬಿಟ್ಟರೆ ತಿರುಗಿ ಮೊದಲಿನ ಜಾಗಕ್ಕೆ ಬರುತ್ತಿದ್ದವು. ಅವುಗಳಿಂದ ಟೆಲಿಫೋನ್ ತಂತಿಯಷ್ಟು ಸಣ್ಣ ತಂತಿಗಳು ಬೇಸ್‌ಮೆಂಟಿನ ತಗಡಿನ ಡಬ್ಬಿಗೆ ಇಳಿದಿದ್ದವು. ಮೇಲೆ ಗುಂಡಿ ಒತ್ತಿದರೆ ಕೆಳಗೆ ಡಬ್ಬಿಯಲ್ಲಿ ರಿಲೇ ಎಂಬ ಕೀಲು 'ಟಕ್' ಎನ್ನುತ್ತಿತ್ತು, ದೀಪ ಹತ್ತುತ್ತಿತ್ತು. ಇದೆಲ್ಲಕ್ಕೂ ಒಡೆಯನಂತೆ ಶೇಷಾದ್ರಿಯ ಮಂಚದ ಪಕ್ಕ ಒಂದು ಡಯಲ್. ತಿರುಗಿಸಿ ಒತ್ತಿದರೆ ಮಲಗಿದಲ್ಲಿಂದಲೇ ಯಾವ ಕೋಣೆಯ ದೀಪವನ್ನಾದರೂ ಹೊತ್ತಿಸಬಹುದು, ಆರಿಸಬಹುದು. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಆ ಡಯಲ್‌ನ ದರ್ಶನವಾಗಬೇಕು.

ಅರವತ್ತೊಂಬತ್ತರ ಯುಗಾದಿಗೆ ಎಲ್ಲರೂ ಅಲ್ಲಿ ಸೇರಿದ್ದರು. ಆ ಚಳಿಗಾಲದಲ್ಲಿ ಶಿವಕ್ಕನ ತಾಯಿ ತೀರಿಕೊಂಡಿದ್ದಳು. ಟೆಲಿಗ್ರಾಂ ಕೈಸೇರುವಷ್ಟರಲ್ಲಿ ಮಣ್ಣಾಗಿತ್ತು, ಹೋಗಲಾಗಲಿಲ್ಲ. ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ ಶಿವಕ್ಕ ಇದನ್ನು ಶೇಷಾದ್ರಿಯ ಹೆಂಡತಿ ಇಂದುಮತಿಗೆ ಹೇಳಿದಳು. "ಅವ್ವ ಬೀಸಿಕೋಂತ ಹಾಡ್ತಿದ್ದ ಪದ ಒಂದೈತ್ರಿ. ಇವತ್ತ ಹಾಡಬೇಕನಸ್ತೈತಿ."

"ಹಾಡಿ, ಖಂಡಿತ ಹಾಡಿ," ಎಂದಳು ಇಂದುಮತಿ.

ಶಿವಕ್ಕ ಹಾಲ್‌ನಲ್ಲಿ ಜಮಖಾನದ ಮೇಲೆ ಕೂತು ಹಾಡತೊಡಗಿದಳು. ಉದ್ದದ ಪದ, ಬೀಸುವ ಕೈಯ ಲಯದ್ದು. ತಾಯಿ ಮಗಳನ್ನು ಕಳಿಸಿಕೊಡುವ ಭಾಗ ಬರುವಷ್ಟರಲ್ಲಿ ಅವಳ ದನಿ ಒದ್ದೆಯಾಗಿತ್ತು. ಆಗ ದೀಪ ಆರಿತು. ಮಲಗುವ ಕೋಣೆಯಿಂದ ಶೇಷಾದ್ರಿಯ ಕೂಗು: "ಹಿಟ್ಟು ಬೇಕಾದಷ್ಟಾಯ್ತು ಡಾಕ್ಟ್ರೇ! ಎಲೆ ಹಾಕಿದೆ, ಏಳಿ!"

ಕತ್ತಲೆಯಲ್ಲಿ ಇಡೀ ಹಾಲ್ ಗೊಳ್ಳೆಂದಿತು. ದೀಪ ಬಂದಾಗ ಶಿವಕ್ಕನ ಕಣ್ಣಿಗೆ ಬಿದ್ದದ್ದು ಬಾಯಿಗೆ ಸೆರಗು ಒತ್ತಿಕೊಂಡಿದ್ದ ಇಂದುಮತಿ. ಇವಳಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ನಕ್ಕಳು ಎಂದುಕೊಂಡಳು. ಗಂಡನ ಲೆಕ್ಕಕ್ಕೇ ಹೆಂಡತಿಯನ್ನೂ ಸೇರಿಸಿದಳು.

ಅವತ್ತಿನಿಂದ ಆ ಪದ ಅವಳ ಗಂಟಲು ದಾಟಲಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಆ ಭಾಗಕ್ಕೆ ಬಂದರೆ ಕಿವಿಯಲ್ಲಿ ಆ ನಗು ಕೇಳುತ್ತಿತ್ತು. ಅವಳ ಪಾಲಿಗೆ ಶೇಷಾದ್ರಿ ಸತ್ತ ತಾಯಿಯನ್ನು ಇನ್ನೊಮ್ಮೆ ಕೊಂದಿದ್ದ. ಮಲ್ಲಪ್ಪ, "ಹೋಗ್ಲಿ ಬಿಡ, ಚ್ಯಾಷ್ಟಿಗೆ ಮಾಡ್ಯಾನ," ಎಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಹಬ್ಬಗಳಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹೋಗಿ, ನಗುನಗುತ್ತ ಬಡಿಸಿ, ಆ ಡಯಲ್ಲನ್ನೊಮ್ಮೆ ನೋಡಿ ಬರುತ್ತಿದ್ದಳು.

ಎಪ್ಪತ್ತೈದರಲ್ಲಿ ಕಾರಿನ ಧಂದೆ ನೆಲಕಚ್ಚಿತು. ಶೇಷಾದ್ರಿಯ ಕೆಲಸ ಹೋಯಿತು. ಶಿಕಾಗೋದಲ್ಲಿ ಬೇರೆ ಕೆಲಸ ಹಿಡಿದು, ಡೆವನ್ ಅವೆನ್ಯೂ ಹತ್ತಿರ ಅಪಾರ್ಟ್‌ಮೆಂಟ್ ಸೇರಿದ. ಮನೆ ಮಾರಾಟಕ್ಕೆ ಬಂತು. ಶಿವಕ್ಕ ಆಸ್ಪತ್ರೆಯಿಂದಲೇ ಏಜೆಂಟನಿಗೆ ಫೋನ್ ಮಾಡಿದಳು.

"ಛತ್ತ ಸೋರತೈತಿ ಆ ಮನಿದು," ಎಂದ ಮಲ್ಲಪ್ಪ.

"ಸೋರ್ಲಿ."

"ಅದಕ್ಕಿಂತ ಚಲೋ ಮನಿ ಎಷ್ಟರ ಅದಾವು."

"ನನಗ ಅದ ಮನಿ ಬೇಕು," ಎಂದಳು ಶಿವಕ್ಕ. ಮಲ್ಲಪ್ಪ ಹೆಂಡತಿಯ ಮುಖ ನೋಡಿ ಮನೆಯ ಕಾಗದಕ್ಕೆ ಸಹಿ ಹಾಕಿದ.

ಮನೆ ಹೊಕ್ಕ ಮೇಲೆ ಬಂದ ಮೊದಲ ನವೆಂಬರ್‌ನಲ್ಲಿ ರಾಜ್ಯೋತ್ಸವ ತನ್ನ ಮನೆಯಲ್ಲೇ ಎಂದು ಶಿವಕ್ಕ ಊರಿಗೆಲ್ಲ ಸಾರಿದಳು. ಮುಖ್ಯ ಭಾಷಣ ಶೇಷಾದ್ರಿಯವರದು. ಆತ ಉಬ್ಬಿಹೋಗಿ, ಹೆಂಡತಿಯನ್ನೂ ಕರೆದುಕೊಂಡು ಶಿಕಾಗೋದಿಂದ ಬಂದ. ಆ ದಿನ ಬೆಳಗ್ಗೆ ಶಿವಕ್ಕ ಸ್ಕ್ರೂಡ್ರೈವರ್ ಹಿಡಿದು ಬೇಸ್‌ಮೆಂಟಿಗೆ ಇಳಿದಳು.

"ಗ್ವಾಡಿ ಸ್ವಿಚ್ಚಿನ ತಂತಿ ಯಾವು? ಡಯಲ್ಲಿಂದು ಯಾವು?"

ಮಲ್ಲಪ್ಪ ತಲೆ ಕೆರೆದುಕೊಳ್ಳುತ್ತ ತೋರಿಸಿದ. ಇಪ್ಪತ್ನಾಲ್ಕು ವೋಲ್ಟಿನ ತಂತಿ, ಮುಟ್ಟಿದರೆ ಏನೂ ಆಗದು. ಗೋಡೆಯ ಸ್ವಿಚ್ಚುಗಳದ್ದೆಲ್ಲ ಬಿಚ್ಚಿ, ಡಯಲ್‌ನದ್ದು ಮಾತ್ರ ಉಳಿಸಿ ಮೇಲೆ ಬಂದು ಹೋಳಿಗೆಗೆ ಕಣಕ ನಾದಿದಳು. ಎಷ್ಟೋ ವರ್ಷಗಳಲ್ಲಿ ಅಷ್ಟು ಹಗುರವಾಗಿ ಅವಳು ಕೆಲಸ ಮಾಡಿದ್ದಿಲ್ಲ.

ಸಂಜೆ ಡಯಲ್‌ನಿಂದಲೇ ದೀಪಗಳನ್ನೆಲ್ಲ ಹೊತ್ತಿಸಿದಳು, ಮನೆ ತುಂಬಿತು. ಶೇಷಾದ್ರಿ ಎದ್ದು ನಿಂತು ಶಾಲು ಸರಿಮಾಡಿಕೊಂಡು ನಾಡು ನುಡಿ ಎಂದು ಶುರುಮಾಡಿದ. ದನಿ ಏರಿ, ಕೈ ಮೇಲೆತ್ತಿ, ಇನ್ನೇನು ಚಪ್ಪಾಳೆ ಬೀಳಬೇಕು, ಆಗ ಶಿವಕ್ಕ ಮಲಗುವ ಕೋಣೆಗೆ ಹೋಗಿ ಡಯಲ್ ತಿರುಗಿಸಿದಳು. ಅಡುಗೆಮನೆ ಆರಿತು. ಒಳದಾರಿ ಆರಿತು. ಕೊನೆಗೆ ಹಾಲ್. ಕೋಣೆಗೆ ಬೀಗ ಹಾಕಿ, ಗೋಡೆ ಹಿಡಿದು ಬಂದು ಜನರ ನಡುವೆ ನಿಂತಳು.

"ಹೆದರ್ಬೇಡಿ, ಹಳೇ ರಿಲೇ, ಆಗಾಗ ಹೀಗೆ ಮಾಡುತ್ತೆ," ಎಂದ ಶೇಷಾದ್ರಿ. ಇದ್ದ ಮನೆಯಲ್ಲವೇ, ಕತ್ತಲೆಯಲ್ಲೂ ನೇರವಾಗಿ ಸ್ವಿಚ್ಚಿನ ಹತ್ತಿರ ಹೋಗಿ ಒತ್ತಿದ. ಏನೂ ಆಗಲಿಲ್ಲ.

"ಅದು ಹತ್ತಂಗಿಲ್ಲ," ಎಂದಳು ಶಿವಕ್ಕ. "ನಾನ ಆರಿಸೇನಿ. ಅವತ್ತ ನಮ್ಮವ್ವನ ಪದ ಹಾಡುವಾಗ ನೀವು ಆರಿಸಿದ್ರಲ್ಲ, ಹಂಗ."

"ಯಾವ ಪದ? ಯಾವತ್ತು?" ಶೇಷಾದ್ರಿಯ ದನಿಯಲ್ಲಿ ಸೋಗಿರಲಿಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಇಷ್ಟು ವರ್ಷ ಎದೆಯಲ್ಲಿ ಕೆಂಡ ಹೊತ್ತವಳು ಶಿವಕ್ಕ, ಇವನು ಅವತ್ತೇ ಊಟ ಮಾಡಿ ಕೈತೊಳೆದು ಮರೆತಿದ್ದ. ಹೇಳಿದಳು, ಎಲ್ಲವನ್ನೂ ಹೇಳಿದಳು, ತಾಯಿಯ ಸಾವಿನಿಂದ ಹಿಡಿದು ಆ ನಗುವಿನವರೆಗೆ ಹೇಳಿದಳು. ಯಾರೂ ನಗಲಿಲ್ಲ.

"ಅಯ್ಯೋ, ತಮಾಷೆಗೆ ಏನೋ ಮಾಡಿರ್ತೀನಿ," ಎಂದ ಶೇಷಾದ್ರಿ. "ಅದನ್ನ ಇಷ್ಟು ದಿನ ಇಟ್ಕೊಂಡಿದ್ರಾ? ಸರಿ, ಲೈಟ್ ಹಾಕಿ ಈಗ."

"ಹಾಕ್ಬೇಡಿ ಶಿವಕ್ಕ."

ಅದು ಇಂದುಮತಿಯ ದನಿ. ಕತ್ತಲೆಯಲ್ಲಿ ಅವಳು ಎಲ್ಲಿ ಕೂತಿದ್ದಾಳೆಂದು ಕಾಣಲಿಲ್ಲ.

"ಇವರಿಗೆ ನಿದ್ದೆ ಬಂದಾಗೆಲ್ಲ ನನಗೆ ಕತ್ತಲೆ. ಅಡುಗೆಮನೇಲಿ ಓದ್ತಾ ಇದ್ರೆ ಆರಿಸೋರು, ಊರಿಗೆ ಕಾಗದ ಬರೀತಿದ್ರೆ ಆರಿಸೋರು. ಮಗುಗೆ ಹಾಲು ಕುಡಿಸ್ತಿದ್ದಾಗಲೂ ಆರಿಸಿದಾರೆ. ಅವತ್ತು ನಾನು ನಗಲಿಲ್ಲ ಶಿವಕ್ಕ, ಬಾಯಿ ಮುಚ್ಕೊಂಡು ಅಳ್ತಿದ್ದೆ. ಸ್ವಲ್ಪ ಹೊತ್ತು ಹೀಗೇ ಇರ್ಲಿ, ಇವರಿಗೂ ಗೊತ್ತಾಗ್ಲಿ."

"ಇಂದೂ!" ಎಂದು ಗದರಿದ ಶೇಷಾದ್ರಿ.

ಶಿವಕ್ಕ ದನಿ ಬಂದ ಕಡೆಗೆ ತಡವರಿಸುತ್ತ ಹೋದಳು. ಯಾರದೋ ಕಾಲು ತುಳಿದಳು, ಯಾರದೋ ಭುಜ ಹಿಡಿದಳು. ಕೊನೆಗೆ ಇಂದುಮತಿಯ ತಣ್ಣಗಿನ ಕೈ ಸಿಕ್ಕಿತು. ಪಕ್ಕದಲ್ಲೇ ಜಮಖಾನದ ಮೇಲೆ ಕುಸಿದು ಕೂತಳು. ಡಯಲ್ ಇದ್ದ ಕೋಣೆಯ ಬೀಗದ ಕೈ ಶಿವಕ್ಕನ ಸೊಂಟದಲ್ಲೇ ಇತ್ತು. ಯಾರೂ ಅದನ್ನು ಕೇಳಲಿಲ್ಲ, ಅವಳೂ ಏಳಲಿಲ್ಲ.

ಗೋಡೆಯ ಹತ್ತಿರ ಶೇಷಾದ್ರಿ ಇನ್ನೂ ಸ್ವಿಚ್ಚು ಒತ್ತುತ್ತಲೇ ಇದ್ದ.