ಡೈರಿ ತಿರುವಿನ ಖಾಲಿ ಸಾಲು

ಕೋವಿಡ್ ಮುಗಿದು ಕಚೇರಿಗಳು ಮೊದಲಿನಂತೆ ತುಂಬಿಕೊಂಡ ವರ್ಷ ನಾನು ಚನ್ನರಾಯಪಟ್ಟಣದಲ್ಲಿ ರಸ್ತೆ ಕಾಮಗಾರಿಗಳ ಸಹಾಯಕ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ರಸ್ತೆ ಸುರಕ್ಷತೆಗೆ ಸರ್ಕಾರದ ಅನುದಾನವಿದೆ, ಅಪಾಯದ ಸ್ಥಳಗಳ ಪಟ್ಟಿ ಕಳಿಸಿ ಎಂದು ಹಾಸನದಿಂದ ಪತ್ರ ಬಂತು. ಅಂಥ ಸ್ಥಳವನ್ನು ನಾವು ಬ್ಲ್ಯಾಕ್ ಸ್ಪಾಟ್ ಎನ್ನುತ್ತೇವೆ. ಒಂದೇ ಕಡೆ ಮತ್ತೆ ಮತ್ತೆ ಅಪಘಾತವಾಗಿರಬೇಕು. ಅಷ್ಟೇ ಸಾಲದು, ಪೊಲೀಸ್ ಠಾಣೆಯಲ್ಲಿ ಪ್ರಕರಣವೂ ದಾಖಲಾಗಿರಬೇಕು. ಆ ಸಲ ಕೇಳಿದ್ದು ಮೂರು ವರ್ಷದಲ್ಲಿ ಕನಿಷ್ಠ ಮೂರು ಪ್ರಕರಣ.

ಬಾಗೂರು ಕಡೆಯ ಒಂದು ಹಳ್ಳಿಯಿಂದಲೂ ಅರ್ಜಿ ಬಂದಿತ್ತು. ಊರು ರಸ್ತೆಯ ಈಚೆ, ಹಾಲಿನ ಡೈರಿ ಆಚೆ, ನಡುವೆ ಕುರುಡು ತಿರುವು. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದವರೆಲ್ಲ ಅಲ್ಲೇ ದಾಟಬೇಕು. ಅರ್ಜಿ ಬರೆದವರು ಡೈರಿಯ ಕಾರ್ಯದರ್ಶಿ ಜಯಮ್ಮ. ಎರಡು ಹಂಪು, ಒಂದು ಫಲಕ, ಒಂದು ದೀಪ, ಕೇಳಿದ್ದು ಅಷ್ಟೇ.

ನಾನು ಹೋದ ದಿನ ಮಂಜು ಕವಿದಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಬರೆಯಲು ಕೂತಾಗ ಆ ಮಂಜಿನ ಬಗ್ಗೆ ಖಾತ್ರಿಯಿಲ್ಲ. ಮಂಜಿದ್ದರೆ ನನಗೆ ಕಾಣದೆ ಹೋದದ್ದಕ್ಕೆ ಒಂದು ನೆಪ ಸಿಗುತ್ತದೆ. ಆಮೇಲೆ ಸೇರಿಸಿಕೊಂಡೆನೋ ಏನೋ.

ಠಾಣೆಯ ಪಟ್ಟಿಯಲ್ಲಿ ಆ ತಿರುವಿನ ಪ್ರಕರಣ ಒಂದೂ ಇರಲಿಲ್ಲ. ಯಾಕೆಂದು ಡೈರಿಯಲ್ಲಿ ಕೇಳಿದೆ. ಬೆಂಚಿನ ಮೇಲೆ ಕೂತಿದ್ದ ಊರ ಹಿರಿಯ ರುದ್ರಪ್ಪ ಉತ್ತರ ಕೊಟ್ಟರು.

"ಕೇಸಾಕುದ್ರೆ ಗಾಡಿ ಟೇಸನ್ನಾಗೆ ತುಕ್ಕಿಡಿತದೆ, ನಾವು ಕೋರ್ಟಿಗೆ ತಿರುಗ್ಬೇಕು. ಇಲ್ಲೇ ಕುಂತು ರಾಜಿ ಮಾಡ್ಸಿ ಒಂದು ಕಾಫಿ ಕುಡುದ್ರೆ ಮುಗೀತದೆ ಕಣ್ ಸಾ."

"ರುದ್ರಣ್ಣ ಬುಟ್ರೆ ಲಾರಿಗೂ ಎಮ್ಮೆಗೂ ಮದ್ವೇನೇ ಮಾಡುಸ್ಬುಡ್ತಾರೆ" ಎಂದು ಜಯಮ್ಮ ನಕ್ಕು, ಹಾಲಿನ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಯಾರಾದರೂ ಹಾಲು ತರದಿದ್ದರೆ ಕಾರಣವನ್ನು ಅಂಚಿನಲ್ಲಿ ಬರೆದಿಡುವುದು ಅವರ ಅಭ್ಯಾಸ.

"ಇಲ್ನೋಡಿ ಸಾ. ಕಾಳಮ್ಮ, ಇಪ್ಪತ್ತು ದಿನ ಆಲು ತಂದಿಲ್ಲ. ಬೈಕ್ ಬಡುದು ಸೊಂಟ ಓಯ್ತು. ಇಲ್ಲಿ ನಂಜೇಗೌಡ್ರು, ಕೈ ಮುರೀತು. ಎಲ್ಲಾ ಇದೇ ತಿರುವ್ನಾಗೆ."

"ಇದು ಹಾಲಿನ ಪುಸ್ತಕ ಕಣಮ್ಮ, ದಾಖಲೆ ಅಲ್ಲ. ಮೂರು ಕೇಸಾದ್ರೂ ಬೇಕು" ಎಂದೆ. ಈ ಮಾತು ಮಾತ್ರ ಅಕ್ಷರಶಃ ನೆನಪಿದೆ.

ಅನುದಾನ ಹೊಳೆನರಸೀಪುರ ರಸ್ತೆಯ ಒಂದು ಜಂಕ್ಷನ್ನಿಗೆ ಹೋಯಿತು. ಅಲ್ಲಿ ಪ್ರಕರಣಗಳಿದ್ದವು.

ಎಂಟು ತಿಂಗಳಾದ ಮೇಲೆ ಡೈರಿ ಬಾಗಿಲು ತೆರೆಯಲು ದಾಟುತ್ತಿದ್ದ ಜಯಮ್ಮನಿಗೆ ಗೂಡ್ಸ್ ಗಾಡಿ ಬಡಿಯಿತು. ಹಾಸನದ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನಾನು ನೋಡಲು ಹೋದಾಗ ರುದ್ರಪ್ಪ ಗಾಡಿಯ ಮಾಲೀಕನನ್ನು ಕರೆದುಕೊಂಡು ಬಂದಿದ್ದರು.

"ಒಪ್ಕಳವ್ವ. ಆಸ್ಪತ್ರೆ ಖರ್ಚೆಲ್ಲ ಕೊಡ್ತಾರಂತೆ."

"ಸುಮ್ಕಿರಿ ರುದ್ರಣ್ಣ. ಈ ಸಲ ಕಾಫಿ ಬ್ಯಾಡ. ಕೇಸಾಕೇ ಆಕ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಮೂರು ಬೇಕು ಅಂದಿದ್ರಲ್ಲ ಸಾ. ಒಂದು ನಂದು ಬರ್ಕಳಿ. ಇನ್ನೆರಡು ಯಾರ್ದು ಅಂತ ನೀವೇ ಏಳಿ."

ಕಿತ್ತಳೆ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ನಿಯಮ ಕ್ರೂರವಾಗಿತ್ತು, ನಾನು ಅಸಹಾಯಕನಾಗಿದ್ದೆ: ಮನೆಯಲ್ಲಿ, ಕಚೇರಿಯಲ್ಲಿ ಹಾಗೆಂದೇ ಹೇಳಿಕೊಂಡೆ. ಮಂಜಿನ ಕಥೆಯೂ ಆಗಲೇ ಸೇರಿರಬೇಕು. ಮರುವರ್ಷ ಮತ್ತೆ ಪಟ್ಟಿ ಕೇಳಿದಾಗ, ಆ ತಿರುವಿಗೆಂದು ನಾನು ತುಂಬಿದ್ದ ಹಳೆಯ ನಮೂನೆಯ ನಕಲು ತೆಗೆದೆ. ಪ್ರಕರಣಗಳ ಸಂಖ್ಯೆಯ ಕೆಳಗೆ ಇನ್ನೊಂದು ಸಾಲಿತ್ತು: "ದಾಖಲಾಗದ ಅಪಘಾತಗಳಿದ್ದಲ್ಲಿ ಸ್ಥಳೀಯರ ಹೇಳಿಕೆ ಲಗತ್ತಿಸುವುದು." ಎದುರಿಗೆ ನನ್ನದೇ ಕೈಬರಹದಲ್ಲಿ ಒಂದು ಅಡ್ಡಗೀರು.

ನಮ್ಮಲ್ಲಿ ಹಿಂದಿನ ವರ್ಷದ ನಮೂನೆಯನ್ನು ಪಕ್ಕದಲ್ಲಿಟ್ಟುಕೊಂಡು ಊರಿನ ಹೆಸರು ಬದಲಿಸಿ ತುಂಬುವುದು ರೂಢಿ. ಹಿಂದಿನದರಲ್ಲಿ ಗೀರಿತ್ತು, ನಾನೂ ಗೀರೆಳೆದೆ. ಸಾಲನ್ನು ಓದಿರಲಿಲ್ಲವೋ, ಓದಿಯೂ ಯಾರಿಗೆ ಬೇಕು ಎಂದುಕೊಂಡೆನೋ, ತಿಳಿಯದು. ಮೊದಲನೆಯದು ನನಗೆ ಅನುಕೂಲ; ಅದಕ್ಕೇ ಅದನ್ನು ನಂಬುವುದಿಲ್ಲ.

ಆ ಸಲ ಹಾಲಿನ ಪುಸ್ತಕದ ಹದಿನಾಲ್ಕು ಪುಟಗಳ ಜೆರಾಕ್ಸ್ ಲಗತ್ತಿಸಿ ಕಳಿಸಿದೆ. ಹಾಸನದಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಂಜೂರಾಯಿತು.

ನಿವೃತ್ತಿಯ ಬಳಿಕ ಒಮ್ಮೆ ಆ ದಾರಿಯಲ್ಲಿ ಹೋದೆ. ಜಯಮ್ಮ ಕೃತಕ ಕಾಲಿನ ಮೇಲೆ ನಿಂತು ಹಾಲು ಅಳೆಯುತ್ತಿದ್ದರು. "ಅಂಪು ವಸಿ ಎತ್ರ ಆಯ್ತು ಸಾ, ವ್ಯಾನ್ನಾಗೆ ಕ್ಯಾನೆಲ್ಲ ತುಳುಕ್ತವೆ" ಎಂದು ನಕ್ಕು ಕಾಫಿ ತರಿಸಿದರು. ಕುಡಿದೆ. ಆ ಅಡ್ಡಗೀರಿನ ಮಾತು ಬಾಯಿಯವರೆಗೆ ಬಂದು ನಿಂತಿತು.

ಕಾಗದವನ್ನು ಕೊನೆಯ ಸಾಲಿನವರೆಗೆ ಓದದೆ ನಿಯಮವನ್ನು ದೂರಬಾರದು. ವೃತ್ತಿ ನನಗೆ ಕಲಿಸಿದ್ದು ಇದು. ಕಲಿಕೆಗೆ ಕಾಲು ಕೊಟ್ಟವರು ಬೇರೆ. ಅವರಿಗೆ ಇದನ್ನು ಇನ್ನೂ ಹೇಳಿಲ್ಲ.