ಎದುರಾಳಿಯ ವಾದ ನಾನೇ ಮಾಡಿದ್ದು

ಮುಂಬಯಿ ರಾಜ್ಯದ ಕಾಲದಲ್ಲಿ ನಾನು ಬನಹಟ್ಟಿಯಿಂದ ಜಮಖಂಡಿಗೆ ಕಾಲೇಜು ಕಲಿಯಲು ಹೋದೆ. ಕಲಿತದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಶನಿವಾರದ ಚರ್ಚಾಕೂಟದಲ್ಲಿ ನಾನು ಬಾಯಿ ತೆರೆದರೆ ಕಿಟಕಿಯ ಪಾರಿವಾಳಗಳು ಮುಧೋಳದ ತನಕ ಹಾರಿಹೋಗುತ್ತಿದ್ದವು.

ಆ ವಾರದ ವಿಷಯ: ಕೈಮಗ್ಗ ಉಳಿಯಬೇಕೋ, ಪಾವರ್‌ಲೂಮ್ ಬರಬೇಕೋ. ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ ರಬಕವಿಯ ಅರಿವೆ ಅಂಗಡಿ ಸಾಹುಕಾರರು ಸುದ್ದಿ ತಿಳಿದು ಕೂಟಕ್ಕೇ ಓಡಿ ಬಂದರು.

"ಮಾಸ್ತರ, ಇಂಥಾ ವಿಷಯ ಕಾಲೇಜಿನ್ಯಾಗ ಬ್ಯಾಡ್ರಿ. ಊರಾಗ ಹೊಡದಾಟ ಆಗ್ತಾವು."

"ಕುಂತು ಕೇಳ್ರಿ ಸಾಹುಕಾರ್ರ. ಜಗಳಾ ಆತಂದ್ರ ಚರ್ಚಾಕೂಟಾನ ಬಂದ್ ಮಾಡ್ರಿ," ಎಂದರು ನಮ್ಮ ಪ್ರಾಧ್ಯಾಪಕರು.

ಶನಿವಾರವಿಲ್ಲದಿದ್ದರೆ ನನಗೆ ಕಾಲೇಜಿನಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಪ್ರಾಧ್ಯಾಪಕರ ಪದ್ಧತಿಯೇ ಬೇರೆ. ಪಾವರ್‌ಲೂಮ್ ಮಾಲೀಕರ ಮಗನಾದ ನನ್ನ ಗೆಳೆಯ ಕೈಮಗ್ಗದ ಪರ. ಅಪ್ಪನ ಕೈಮಗ್ಗದ ಕುಣಿಯಲ್ಲೇ, ಕಾಲು ಇಳಿಬಿಟ್ಟು ನೇಯುವ ಆ ತಗ್ಗಿನಲ್ಲೇ, ಬೆಳೆದ ನಾನು ಪಾವರ್‌ಲೂಮ್ ಪರ. ಅದೂ ಸಾಲದೆಂದು, ಎದುರಾಳಿಯ ವಾದವನ್ನು ಅವನು ಹೌದೆನ್ನುವಂತೆ ಮೊದಲು ಹೇಳಿ ಆಮೇಲೆ ಖಂಡಿಸಬೇಕು.

ಗೆಳೆಯ ಎದ್ದು, "ಕೈಮಗ್ಗ ಭಾಳ ಛಲೋ," ಎಂದು ಹೇಳಿ ಕುಳಿತ. ಅವನಿಗೆ ಗೊತ್ತಿದ್ದುದೇ ಅಷ್ಟು. ನಾನೂ ಅಷ್ಟನ್ನೇ ಹೇಳಿ ಮುಂದೆ ಹೋಗಬೇಕಿತ್ತು. ಆದರೆ ಆ ಬಡಪಾಯಿ ವಾದ ಕಂಡು ಕನಿಕರ ಬಂತು. ಸೀರೆಯ ಸೆರಗು ಹೇಗೆ ನೇಯುತ್ತಾರೆ, ಎಳೆ ಹರಿದರೆ ನೇಕಾರನ ಕಾಲಿಗೇ ಹೇಗೆ ತಿಳಿಯುತ್ತದೆ, ಎಲ್ಲ ಹೇಳುತ್ತಾ ಹೋದೆ. ಲಾಳಿ ಓಡುವ ರೀತಿ ತೋರಿಸಲು ಕೈ ಬೀಸಿದೆ. ಮೇಜಿನ ಮೇಲಿದ್ದ ನೀರಿನ ತಂಬಿಗೆ ಸಾಹುಕಾರರ ಧೋತರದ ಮೇಲೆ ಮಗುಚಿತು.

"ಇದ ಅಲ್ಲೇನಲೇ ನಿನ್ನ ವಾದ?" ಎಂದು ಗೆಳೆಯನನ್ನು ಕೇಳಿದೆ.

"ಇದ, ಇದ! ಇನ್ನೂ ಹೇಳು!" ಎಂದ ಕಳ್ಳ.

ನನ್ನ ಸಮಯ ಮುಗಿದ ಗಂಟೆ ಹೊಡೆಯಿತು. ಪಾವರ್‌ಲೂಮ್ ಪರ ನಾನು ಒಂದು ಮಾತೂ ಆಡಿರಲಿಲ್ಲ.

ಸಾಹುಕಾರರು ಎದ್ದು ನಿಂತರು. ಕೂಟದ ಕಥೆ ಮುಗಿಯಿತು ಅಂದುಕೊಂಡೆ.

"ಎಳಿ ಹರದದ್ದು ಕಾಲಿಗೆ ಗೊತ್ತಾಗ್ತದಂತ ಯಾವ ಶಾಣ್ಯಾ ಹೇಳಿದಾ? ಕಿವಿಗೆ ಗೊತ್ತಾಗ್ತದ! ನಾನೂ ಕುಣ್ಯಾಗ ಕುಂತಾಂವ."

"ನಮ್ಮಪ್ಪಗ ಕಾಲಿಗೇ ಗೊತ್ತಾಗ್ತದ್ರೀ."

"ನಿಮ್ಮಪ್ಪನ ಕಿವಿ ಮಂದ ಇರಬೇಕು!"

ಸಭೆ ಹೋ ಎಂದಿತು. ಗೆಳೆಯನಿಗೂ ಹುರುಪು ಬಂತು. "ಹಂಗಾರ ನಮ್ಮ ಮಶೀನಿನ ಗದ್ದಲದಾಗ ಯಾರ ಕಿವಿ ಏನ್ ಕೇಳ್ತಾವ್ರಿ?"

ಸಾಹುಕಾರರು ಒದ್ದೆ ಧೋತರ ಎತ್ತಿ ಕಟ್ಟಿ ಅವನತ್ತ ತಿರುಗಿದರು.

"ಕೂಟ ಬಂದ್ ಮಾಡೂದ್ರೀ?" ಪ್ರಾಧ್ಯಾಪಕರು ಮೆಲ್ಲಗೆ ಕೇಳಿದರು.

"ತಡೀರಿ ಮಾಸ್ತರ! ಈ ಹುಡುಗಗ ಉತ್ತರಾ ಕೊಡಾಕ ಒಂದ ಶನಿವಾರ ಸಾಲಂಗಿಲ್ಲ."