ಹೆಪ್ಪು ಕೊಡುವ ಮನೆ

ಗೋಕಾಕದಲ್ಲಿ ನಮ್ಮ ಪಕ್ಕದ ಮನೆಯ ಖಾಲಾ, ಹೆಪ್ಪು ಕೇಳಿ ಬಂದವರಿಗೆ ಬಟ್ಟಲು ತುಂಬ ಮೊಸರು ಕೊಡುತ್ತಿದ್ದರು. ಘಟಪ್ರಭೆಯ ನೀರು ಓಣಿಗೆ ನುಗ್ಗಿದಾಗ ಎಲ್ಲರೂ ಟ್ರಂಕು ಹೊತ್ತರೆ, ಖಾಲಾ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಸರಿನ ಗಡಿಗೆ ಎತ್ತಿಕೊಂಡರು.

“ಮದಲ ಹೆಪ್ಪು, ಆಮ್ಯಾಲ ಮನಿ!”

ನಿರಾಶ್ರಿತರ ಶೆಡ್ಡಿನಲ್ಲಿ ನಾವೆಲ್ಲ ಉಂಡದ್ದು ಅದೇ ಹೆಪ್ಪಿನ ಮೊಸರು.

ಮುಂದೆ ಒಂದು ಸಂಜೆ, ಮಂಗಳ ಗ್ರಹದಲ್ಲಿ ಮನುಷ್ಯರು ನೆಲೆಸುವ ಸುದ್ದಿ ಟಿವಿಯಲ್ಲಿ ಬಂತು. ನಾವ್ಯಾರೂ ಹೋಗಲೊಲ್ಲೆವು ಎಂದೆವು.

“ನೀವು ಹೊಕ್ಕೀರೇನ್ರಿ ಖಾಲಾ?” ನಾನು ನಗುತ್ತ ಕೇಳಿದೆ.

“ಅಲ್ಲಿ ಬಾಜೂ ಮನಿ ಐತೇನು?”

“ಒಂದೂ ಇಲ್ರಿ.”

ಖಾಲಾ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಹಂಗಾದ್ರ ಮದಲ ನಾನ ಹೋಗಬೇಕು. ಹಿಂದಿಂದ ಬಂದವರು ಹೆಪ್ಪು ಕೇಳಾಕ ಯಾರ ಮನಿಗೆ ಹೋಗಬೇಕು?”